‘ಸ್ವಾವ್ಲಿ’ ಪದದ ಅರ್ಥ ಮತ್ತು ಬಳಕೆ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಇಂಗ್ಲಿಷ್ ಕತೆಯನ್ನು ಕನ್ನಡಕ್ಕೆ ತರುತ್ತಿದ್ದೆ. ಕತೆಯಲ್ಲಿ ಒಬ್ಬ ಅಧಿಕಾರಿ. ಅವನ ಎದುರು ಸಾಲಕ್ಕೆ ಅರ್ಜಿ ಹಿಡಿದು ಕೂತ ಒಬ್ಬ ಹೆಂಗಸು. ಅವನು ಅರ್ಜಿ ಬಿಡಿಸಿ ಕೂಡ ನೋಡುವುದಿಲ್ಲ. ಅಲ್ಲಿದ್ದ ಸಾಲು ಹೆಚ್ಚುಕಡಿಮೆ ಹೀಗಿತ್ತು: ‘ಹಿ ಸ್ಮೈಲ್ಡ್ ಸ್ವಾವ್ಲಿ ಅಂಡ್ ಪುಶ್ಡ್ ದ ಫೈಲ್ ಬ್ಯಾಕ್ ಅಕ್ರಾಸ್ ದ ಟೇಬಲ್.’ ನಾನು ನಿಘಂಟು ನೋಡಿದೆ. ‘ನಯವಾಗಿ’ ಅಂತ ಸಿಕ್ಕಿತು. ಸರಿ, ‘ಅವನು ನಯವಾಗಿ ನಕ್ಕು ಫೈಲನ್ನು ಹಿಂದಕ್ಕೆ ತಳ್ಳಿದ’ ಅಂತ ಬರೆದು ಮುಂದೆ ಹೋದೆ.

ಕರಡು ಓದಿದ ಗೆಳತಿ ಕೇಳಿದಳು, ‘ಈ ಮನುಷ್ಯ ಒಳ್ಳೆಯವನೇ ಅಲ್ವಾ? ಪಾಪ, ಇವನೂ ಏನು ಮಾಡಬೇಕಿತ್ತು?’

ನನಗೆ ದಿಗಿಲಾಯಿತು. ಕತೆಯಲ್ಲಿ ಅವನು ಒಳ್ಳೆಯವನೇ ಅಲ್ಲ. ಇಂಗ್ಲಿಷ್ ಓದಿದವರಿಗೆ ಆ ಒಂದೇ ಪದದಲ್ಲಿ ಅದು ಗೊತ್ತಾಗಿತ್ತು. ಕನ್ನಡ ಓದಿದವಳಿಗೆ ಗೊತ್ತಾಗಲಿಲ್ಲ. ತಪ್ಪು ಅವಳದಲ್ಲ. ಆ ಪದವನ್ನು ನಾನೇ ಸರಿಯಾಗಿ ಓದಿರಲಿಲ್ಲ.

ಅಂದಿನಿಂದ ಈ ಪದ ನನ್ನ ಜೊತೆಗೇ ಇದೆ. ಇದನ್ನು ಪೂರ್ತಿ ಅರ್ಥ ಮಾಡಿಕೊಂಡರೆ ಇಂಗ್ಲಿಷಿನ ಇಂಥ ಹತ್ತು ಪದಗಳ ಬಾಗಿಲು ತೆರೆಯುತ್ತದೆ. ಒಂದೊಂದೇ ಹೆಜ್ಜೆ ಇಡೋಣ.

ಹೆಜ್ಜೆ 1: ಮೊದಲು ಬಾಯಿಗೆ ಹೊಂದಿಸಿಕೊಳ್ಳಿ

ಇಂಗ್ಲಿಷಿನಲ್ಲಿ ಇದರ ಅಕ್ಷರಗಳು ಎಸ್, ಯು, ಎ, ವಿ, ಇ, ಎಲ್, ವೈ. ಮೂಲ ಗುಣವಾಚಕ ‘ಸ್ವಾವ್’. ಅದಕ್ಕೆ ‘ಲಿ’ ಸೇರಿ ಕ್ರಿಯಾವಿಶೇಷಣ ಆಗಿದೆ. ‘ಟ್ರೂ’ ಹೋಗಿ ‘ಟ್ರೂಲಿ’ ಆಗುವಾಗ ‘ಇ’ ಅಕ್ಷರ ಬಿದ್ದುಹೋಗುತ್ತದೆ. ಇಲ್ಲಿ ಬೀಳುವುದಿಲ್ಲ. ‘ನೈಸ್ಲಿ’ ಬರೆಯುವ ಹಾಗೆಯೇ ಇದನ್ನೂ ಬರೆಯಬೇಕು.

ಅಕ್ಷರ ನೋಡಿ ತುಂಬ ಜನ ‘ಸುವೇವ್’ ಅನ್ನುತ್ತಾರೆ, ಇನ್ನು ಕೆಲವರು ‘ಸ್ವೇವ್’ ಅನ್ನುತ್ತಾರೆ. ನಮ್ಮ ‘ಸ್ವಾಗತ’ದ ಮೊದಲ ಅಕ್ಷರವನ್ನು ನೆನಪಿಟ್ಟುಕೊಳ್ಳಿ ಸಾಕು. ಅದೇ ‘ಸ್ವಾ’. ‘ಸ್ವಾವ್’ ಒಂದೇ ಉಸಿರಿನ ಪದ. ‘ಸ್ವಾವ್ಲಿ’ಯಲ್ಲಿ ಎರಡು ತುಂಡು, ಒತ್ತು ಮೊದಲನೆಯದರ ಮೇಲೆ.

ಇನ್ನೊಂದು ಸೂಕ್ಷ್ಮ ಇದೆ. ನಾವು ಕನ್ನಡದಲ್ಲಿ ಎರಡು ಕಡೆಯೂ ಒಂದೇ ‘ವ’ ಬರೆಯುತ್ತೇವೆ. ಇಂಗ್ಲಿಷಿನವರ ಬಾಯಲ್ಲಿ ಅವು ಬೇರೆ ಬೇರೆ. ಮೊದಲನೆಯದಕ್ಕೆ ತುಟಿ ಗುಂಡಗಾಗುತ್ತದೆ, ಸೀಟಿ ಹೊಡೆಯಲು ಹೊರಟ ಹಾಗೆ. ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮೆಲ್ಲಗೆ ಮುಟ್ಟುತ್ತದೆ. ಕನ್ನಡಿ ಮುಂದೆ ನಿಂತು ನಾಲ್ಕು ಸಲ ಹೇಳಿ ನೋಡಿ. ಗುಂಡಗಾದ ತುಟಿ ತೆರೆದುಕೊಂಡು, ಮತ್ತೆ ಹಲ್ಲಿನ ಹತ್ತಿರ ಬಂದು ನಿಲ್ಲುತ್ತದೆ. ಆ ಚಲನೆ ಸಿಕ್ಕಿತೆಂದರೆ ಪದ ಸಿಕ್ಕಿತು.

ಹೆಜ್ಜೆ 2: ಬೇರು ನೋಡಿ, ನಮ್ಮ ನೆಂಟರೇ ಸಿಗುತ್ತಾರೆ

ಲ್ಯಾಟಿನ್ ಭಾಷೆಯಲ್ಲಿ ‘ಸುವಾವಿಸ್’ ಅಂದರೆ ಸಿಹಿಯಾದ, ಹಿತವಾದ. ಅದು ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂತು. ಇಂಗ್ಲಿಷಿನ ‘ಸ್ವೀಟ್’ ಕೂಡ ಅದೇ ಬೇರಿನದು. ಸಂಸ್ಕೃತದ ‘ಸ್ವಾದು’ ಕೂಡ ಅದೇ ಬೇರಿನದು. ಅಂದರೆ ನಾವು ದಿನಾ ಬಳಸುವ ‘ಸ್ವಾದ’ ಈ ‘ಸ್ವಾವ್’ಗೆ ದೂರದ ಅಕ್ಕ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನೂ ಇಬ್ಬರು ನೆಂಟರಿದ್ದಾರೆ. ‘ಪರ್ಸ್ವೇಡ್’ ಅಂದರೆ ಒಬ್ಬರ ಮನವೊಲಿಸುವುದು. ‘ಅಸ್ವೇಜ್’ ಅಂದರೆ ನೋವನ್ನೋ ಸಿಟ್ಟನ್ನೋ ತಣಿಸುವುದು. ಇವೂ ಅದೇ ಸಿಹಿಯ ಬೇರಿನಿಂದ ಬಂದವು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಸಿಹಿ ಮಾತು, ಅದರಿಂದ ಮನ ಒಲಿಯುವುದು, ಅದರಿಂದ ಸಿಟ್ಟು ತಣಿಯುವುದು. ‘ಸ್ವಾವ್ಲಿ’ ಎಂಬ ಪದ ಮಾಡುವ ಕೆಲಸವೂ ಇದೇ.

ಮೊದಮೊದಲು ಇಂಗ್ಲಿಷಿನಲ್ಲಿ ‘ಸ್ವಾವ್’ ಅಂದರೆ ಸುಮ್ನೆ ಹಿತವಾದದ್ದು, ಮೃದುವಾದದ್ದು ಅಂತಷ್ಟೇ ಇತ್ತು. 19ನೇ ಶತಮಾನದ ಹೊತ್ತಿಗೆ ಅದು ಮನುಷ್ಯರ ನಡೆನುಡಿಗೆ ಅಂಟಿಕೊಂಡಿತು. ಎಲ್ಲಿ ಏನು ಆಡಬೇಕು ಅಂತ ತಿಳಿದ, ಯಾರ ಎದುರೂ ತಡವರಿಸದ ಮನುಷ್ಯನ ನಡವಳಿಕೆಗೆ ಆ ಹೆಸರು ಬಂತು.

ಹೆಜ್ಜೆ 3: ಅರ್ಥವನ್ನು ಬಿಡಿಸಿ ನೋಡಿ

ಒಂದು ನಡೆಯನ್ನು ‘ಸ್ವಾವ್ಲಿ’ ಅನ್ನಬೇಕಾದರೆ ಅದರಲ್ಲಿ ನಾಲ್ಕು ಗುಣ ಇರಬೇಕು ಅಂತ ನಾನು ಲೆಕ್ಕ ಹಾಕಿಕೊಂಡಿದ್ದೇನೆ. ನಯ ಇರಬೇಕು. ಆತ್ಮವಿಶ್ವಾಸ ಇರಬೇಕು. ಎದುರಿನವರನ್ನು ಸೆಳೆಯುವ ಮೋಡಿ ಇರಬೇಕು. ನಾಲ್ಕನೆಯದು ಸಲೀಸು. ಮಾಡುವವನಿಗೆ ಇದೇನೂ ಕಷ್ಟವೇ ಅಲ್ಲ ಅನ್ನಿಸಬೇಕು.

ಈ ನಾಲ್ಕರಲ್ಲಿ ಜಾಸ್ತಿ ಮರೆತುಹೋಗುವುದು ನಾಲ್ಕನೆಯದೇ. ಒಬ್ಬ ಹುಡುಗ ಸಂದರ್ಶನಕ್ಕೆ ಹೋಗಿದ್ದಾನೆ ಅಂದುಕೊಳ್ಳಿ. ಕೈ ಬೆವರುತ್ತಿದೆ. ಆದರೂ ಎದ್ದು ನಿಂತು, ಕೈ ಕುಲುಕಿ, ವಿನಯದಿಂದ ಉತ್ತರ ಕೊಟ್ಟ. ಅವನು ‘ಪೊಲೈಟ್ಲಿ’ ಉತ್ತರ ಕೊಟ್ಟ. ‘ಸ್ವಾವ್ಲಿ’ ಕೊಡಲಿಲ್ಲ. ಅವನ ನಂತರ ಬಂದವನು ಕುರ್ಚಿಯನ್ನು ಸದ್ದಾಗದಂತೆ ಎಳೆದುಕೊಂಡು ಕೂತ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಒಂದು ಗಳಿಗೆ ನಿಂತ, ನಕ್ಕ, ‘ಅದಕ್ಕಿಂತ ಕುತೂಹಲದ ವಿಷಯ ಇನ್ನೊಂದಿದೆ’ ಅಂತ ಮಾತನ್ನು ತನಗೆ ಗೊತ್ತಿದ್ದ ಕಡೆಗೆ ತಿರುಗಿಸಿದ. ಪ್ರಶ್ನೆ ಕೇಳಿದವರೂ ಅವನ ಜೊತೆ ನಕ್ಕರು. ಅದು ‘ಸ್ವಾವ್ಲಿ’.

ಸಿನಿಮಾ ನಟ ಕ್ಯಾರಿ ಗ್ರಾಂಟ್ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ‘ಸ್ವಾವ್’, ‘ಡೆಬೊನೇರ್’ ಎಂಬ ಎರಡು ಪದ ಬಿಟ್ಟಿದ್ದೇ ಇಲ್ಲ. ಆತ 1904ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬಡ ಮನೆಯಲ್ಲಿ ಹುಟ್ಟಿದವನು. ಹುಟ್ಟುಹೆಸರು ಆರ್ಚಿಬಾಲ್ಡ್ ಲೀಚ್. ಹದಿಹರೆಯದಲ್ಲೇ ದೊಂಬರಾಟದ ತಂಡ ಸೇರಿ, 1920ರಲ್ಲಿ ಆ ತಂಡದ ಜೊತೆ ಅಮೆರಿಕಕ್ಕೆ ಹೋದ. ಪರದೆಯ ಮೇಲೆ ಕಂಡ ಆ ಸಲೀಸು ಹುಟ್ಟಿನಿಂದ ಬಂದದ್ದಲ್ಲ, ಕಲಿತು ಮೈಗೂಡಿಸಿಕೊಂಡದ್ದು. ಪದದ ಒಳಗೂ ಇದೇ ಇದೆ. ‘ಸ್ವಾವ್ಲಿ’ ಅನ್ನುವಾಗ ಪಳಗಿದ ಕೈ, ಪಳಗಿದ ನಾಲಿಗೆ ನೆನಪಿಗೆ ಬರುತ್ತದೆ.

ಹೆಜ್ಜೆ 4: ಎರಡನೆಯ ಮುಖವನ್ನು ಗುರುತಿಸಿ

ನಾನು ಎಡವಿದ್ದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಪಳಗಿದ ಸಿಹಿಯ ಬಗ್ಗೆ ಎಲ್ಲರಿಗೂ ಒಂದು ಅನುಮಾನ ಇರುತ್ತದೆ. ಇಷ್ಟು ಸಲೀಸಾಗಿ ನಗುವವನ ಮನಸ್ಸಿನಲ್ಲಿ ಏನಿದೆಯೋ ಅಂತ. ‘ಸ್ವಾವ್ಲಿ’ ಎಂಬ ಪದ ಆ ಅನುಮಾನವನ್ನೂ ಹೊತ್ತುಕೊಂಡೇ ಓಡಾಡುತ್ತದೆ. ಮೆಚ್ಚುಗೆಯೂ ಹೌದು, ಎಚ್ಚರಿಕೆಯೂ ಹೌದು. ಯಾವುದು ಮುಂದೆ ಬರುತ್ತದೆ ಅನ್ನುವುದನ್ನು ಪಕ್ಕದ ಕ್ರಿಯಾಪದ ಮತ್ತು ಸಂದರ್ಭ ತೀರ್ಮಾನಿಸುತ್ತವೆ.

‘ಹಿ ಸ್ವಾವ್ಲಿ ಇಂಟ್ರೊಡ್ಯೂಸ್ಡ್ ಹರ್ ಟು ಎವರಿವನ್’ ಅಂದರೆ ಹೊಸಬಳನ್ನು ಎಲ್ಲರಿಗೂ ಚೆಂದವಾಗಿ ಪರಿಚಯಿಸಿದ. ಇಲ್ಲಿ ಅನುಮಾನಕ್ಕೆ ಜಾಗವಿಲ್ಲ. ‘ಹಿ ಲೈಡ್ ಸ್ವಾವ್ಲಿ’ ಅಂದರೆ ಎಳ್ಳಷ್ಟೂ ಅಳುಕದೆ ಸುಳ್ಳು ಹೇಳಿದ. ಇಲ್ಲಿ ಪದ ಪೂರ್ತಿ ಕಪ್ಪು. ನಡುವೆ ಒಂದು ಬೂದು ಪ್ರದೇಶ ಇದೆ: ‘ಹಿ ಸ್ವಾವ್ಲಿ ಡಿಫ್ಲೆಕ್ಟೆಡ್ ದ ಕ್ವೆಶ್ಚನ್.’ ಪ್ರಶ್ನೆಯನ್ನು ನಾಜೂಕಾಗಿ ತಪ್ಪಿಸಿಕೊಂಡ. ಹೊಗಳಿದರೋ ತೆಗಳಿದರೋ? ಎರಡೂ. ಒಳ್ಳೆಯ ಇಂಗ್ಲಿಷ್ ಬರಹಗಾರರು ಈ ಪದವನ್ನು ಆರಿಸಿಕೊಳ್ಳುವುದೇ ಈ ಬೂದು ಬಣ್ಣಕ್ಕಾಗಿ.

ಕನ್ನಡದವರಿಗೆ ಇದು ಹೊಸತೇನಲ್ಲ. ನಮ್ಮ ‘ನಯ’ ಪದವನ್ನೇ ನೋಡಿ. ‘ನಯ ವಿನಯ’ ಅಂದರೆ ಹೊಗಳಿಕೆ. ‘ನಯವಂಚಕ’ ಅಂದರೆ ನಗುನಗುತ್ತಲೇ ಕತ್ತು ಕುಯ್ಯುವವನು. ಒಂದೇ ನಯ, ಎರಡು ಮನೆ. ಆದರೆ ವ್ಯತ್ಯಾಸ ಇಷ್ಟೇ: ‘ನಯವಾಗಿ’ ಅಂತ ಒಂಟಿಯಾಗಿ ಬರೆದಾಗ ಕನ್ನಡ ಓದುಗರಿಗೆ ಮೊದಲು ಕಾಣುವುದು ಒಳ್ಳೆಯ ಮುಖ. ‘ವಂಚಕ’ ಪಕ್ಕದಲ್ಲಿ ಬಂದಾಗಲೇ ಇನ್ನೊಂದು ಮುಖ ಕಾಣುವುದು. ‘ಸ್ವಾವ್ಲಿ’ಯಲ್ಲಿ ಎರಡೂ ಮುಖ ಒಟ್ಟಿಗೇ ಕಾಣುತ್ತವೆ. ನನ್ನ ಗೆಳತಿಗೆ ಆ ಅಧಿಕಾರಿ ಒಳ್ಳೆಯವನಾಗಿ ಕಂಡದ್ದು ಇದೇ ಕಾರಣಕ್ಕೆ.

ಹೆಜ್ಜೆ 5: ನೆರೆಹೊರೆಯ ಪದಗಳಿಂದ ಬೇರೆ ಮಾಡಿ

ಅಂದವಾದ ನಡವಳಿಕೆಗೆ ಇಂಗ್ಲಿಷಿನಲ್ಲಿ ಒಂದು ಓಣಿಯಷ್ಟು ಪದಗಳಿವೆ. ಯಾವುದನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗಬೇಕಾದರೆ ಒಂದೊಂದರ ಒಳಗಿನ ಚಿತ್ರ ನೋಡಬೇಕು.

‘ಚಾರ್ಮಿಂಗ್ಲಿ’ ಎಲ್ಲಕ್ಕಿಂತ ಸಾಮಾನ್ಯ ಪದ. ‘ಚಾರ್ಮ್’ನ ಮೂಲ ಲ್ಯಾಟಿನ್‌ನ ‘ಕಾರ್ಮೆನ್’. ಅಂದರೆ ಹಾಡು, ಮಂತ್ರ. ಮಂತ್ರ ಹಾಕಿದ ಹಾಗೆ ಸೆಳೆಯುವುದು. ನಮ್ಮ ‘ಮೋಡಿ’ ಕೂಡ ಹೀಗೇ ಅಲ್ವಾ? ಮಾಟದ ಪದವೇ ಮಾತಿನ ಸೊಗಸಿಗೂ ಬಂತು. ಮಗುವೊಂದು ತೊದಲಿದರೂ ‘ಚಾರ್ಮಿಂಗ್ಲಿ’ ಅನ್ನಬಹುದು. ‘ಸ್ವಾವ್ಲಿ’ ಅನ್ನಲು ಆಗುವುದಿಲ್ಲ, ಯಾಕೆಂದರೆ ಮಗು ಪಳಗಿಲ್ಲ.

‘ಡೆಬೊನೇರ್ಲಿ’ ಹಳೆಯ ಫ್ರೆಂಚಿನ ‘ದ ಬೊನ್ ಏರ್’ನಿಂದ ಬಂದದ್ದು. ಒಳ್ಳೆಯ ಕುಲ, ಒಳ್ಳೆಯ ಸ್ವಭಾವ ಅಂತ ಅರ್ಥ. ಇದರಲ್ಲಿ ‘ಸ್ವಾವ್ಲಿ’ಗಿಂತ ಉಲ್ಲಾಸ ಜಾಸ್ತಿ. ಟೋಪಿಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡು, ಹಾಡು ಗುನುಗುತ್ತಾ ಮೆಟ್ಟಿಲಿಳಿಯುವವನು ‘ಡೆಬೊನೇರ್ಲಿ’ ಇಳಿಯುತ್ತಾನೆ. ಅನುಮಾನದ ನೆರಳು ಇಲ್ಲಿ ಕಡಿಮೆ. ಪದ ಸ್ವಲ್ಪ ಹಳೆಯ ಕಾಲದ್ದು, ಈಗಿನ ಮಾತಿನಲ್ಲಿ ಅಪರೂಪ.

‘ಅರ್ಬೇನ್ಲಿ’ಯ ಒಳಗೆ ಲ್ಯಾಟಿನ್‌ನ ‘ಅರ್ಬ್ಸ್’ ಇದೆ, ಅಂದರೆ ನಗರ. ನಗರದಿಂದ ನಾಗರಿಕ ಆದ ಹಾಗೆಯೇ ಇದೂ ಆದದ್ದು. ತಿಳಿವಳಿಕೆ, ಓದು, ಲೋಕ ನೋಡಿದ ಅನುಭವ ಇದರಲ್ಲಿ ಮುಂದೆ ನಿಲ್ಲುತ್ತದೆ.

‘ಗ್ರೇಷಸ್ಲಿ’ ಬೇರೆಯೇ ಜಾತಿಯ ಪದ. ಇದರಲ್ಲಿ ಮನಸ್ಸಿದೆ. ಸೋತವನು ಗೆದ್ದವನನ್ನು ಅಭಿನಂದಿಸಿದರೆ, ತಪ್ಪು ಮಾಡಿದವನನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದರೆ ಅದು ‘ಗ್ರೇಷಸ್ಲಿ’. ಯಾರಿಗಾದರೂ ಧನ್ಯವಾದದ ಪತ್ರ ಬರೆಯುತ್ತಿದ್ದರೆ ನಿಮಗೆ ಬೇಕಾದ ಪದ ಇದೇ. ‘ನೀವು ಸ್ವಾವ್ಲಿ ಸಹಾಯ ಮಾಡಿದಿರಿ’ ಅಂತ ಬರೆದರೆ ಓದಿದವರಿಗೆ ಕಸಿವಿಸಿ ಆಗುತ್ತದೆ.

ಇನ್ನು ಓಣಿಯ ಆ ತುದಿಗೆ ಹೋದರೆ ಬರೀ ತೆಗಳುವ ಪದಗಳು. ‘ಗ್ಲಿಬ್ಲಿ’ ಅಂದರೆ ಯೋಚನೆ ಇಲ್ಲದೆ ಪಟಪಟ ಆಡುವುದು. ‘ಅಂಕ್ಚುವಸ್ಲಿ’ ಅಂದರೆ ಎಣ್ಣೆ ಸುರಿಯುವಷ್ಟು ಅತಿವಿನಯ. ಇದರ ಲ್ಯಾಟಿನ್ ಮೂಲದಲ್ಲಿ ಎಣ್ಣೆ ಹಚ್ಚುವುದು ಎಂಬ ಅರ್ಥವೇ ಇದೆ. ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಸಂಸ್ಕೃತದ ‘ಸ್ನೇಹ’ಕ್ಕೂ ಎಣ್ಣೆ, ಜಿಡ್ಡು ಎಂಬ ಅರ್ಥ ಇದೆ. ಅವರಿಗೆ ಎಣ್ಣೆಯಲ್ಲಿ ಕಪಟ ಕಂಡಿತು, ನಮಗೆ ಅದೇ ಎಣ್ಣೆಯಲ್ಲಿ ಪ್ರೀತಿ ಕಂಡಿತು. ಪದಗಳ ಬೇರು ಕೆದಕಿದಾಗ ಇಂಥದ್ದು ಸಿಕ್ಕರೆ ಆ ದಿನ ಸಾರ್ಥಕ.

ಹೆಜ್ಜೆ 6: ವಾಕ್ಯದಲ್ಲಿ ಸರಿಯಾದ ಜಾಗ ಕೊಡಿ

ಕರ್ಮಪದ ಇಲ್ಲದ ಕ್ರಿಯೆಯಾದರೆ ಕ್ರಿಯಾಪದದ ನಂತರ ಇಡಿ: ‘ಹಿ ಬೌಡ್ ಸ್ವಾವ್ಲಿ.’ ಕರ್ಮಪದ ಇದ್ದರೆ ಕ್ರಿಯಾಪದಕ್ಕಿಂತ ಮೊದಲು ಇಡಿ, ಇಲ್ಲವೇ ವಾಕ್ಯದ ಕೊನೆಗೆ ಹಾಕಿ. ‘ಹಿ ಡಿಕ್ಲೈನ್ಡ್ ಸ್ವಾವ್ಲಿ ದ ಆಫರ್’ ಅಂತ ಎರಡರ ನಡುವೆ ತೂರಿಸಿದರೆ ಕಿವಿಗೆ ಒರಟು. ‘ಹಿ ಸ್ವಾವ್ಲಿ ಡಿಕ್ಲೈನ್ಡ್ ದ ಆಫರ್’ ಸರಿ. ಉಡುಪಿನ ಬಗ್ಗೆ ಹೇಳುವಾಗ ‘ಸ್ವಾವ್ಲಿ ಡ್ರೆಸ್ಡ್’ ಅನ್ನುವುದು ರೂಢಿಯಲ್ಲಿದೆ. ಹೋಲಿಸುವಾಗ ‘ಮೋರ್ ಸ್ವಾವ್ಲಿ’, ‘ಮೋಸ್ಟ್ ಸ್ವಾವ್ಲಿ’.

ಕನ್ನಡದವರು ಮಾಡುವ ದೊಡ್ಡ ತಪ್ಪು ಇನ್ನೊಂದಿದೆ. ‘ಹಿ ಲುಕ್ಸ್ ಸ್ವಾವ್ಲಿ’ ಅನ್ನುವುದು. ಇದು ಯಾಕೆ ಬರುತ್ತದೆ ಅಂತ ನಾನು ತುಂಬ ಯೋಚಿಸಿದ್ದೇನೆ. ಕಾರಣ ನಮ್ಮ ‘ಆಗಿ’. ‘ಚೆನ್ನಾಗಿ ಮಾತಾಡಿದ’ ಅನ್ನುತ್ತೇವೆ. ‘ಚೆನ್ನಾಗಿದ್ದಾನೆ’ ಅಂತಲೂ ಅನ್ನುತ್ತೇವೆ. ‘ಅಂದವಾಗಿ ಬರೆದಳು’, ‘ಅಂದವಾಗಿ ಕಾಣುತ್ತಾಳೆ’. ಕನ್ನಡದಲ್ಲಿ ಮಾಡುವ ರೀತಿಗೂ ‘ಆಗಿ’, ಇರುವ ರೀತಿಗೂ ‘ಆಗಿ’. ಇಂಗ್ಲಿಷ್ ಅವೆರಡನ್ನು ಬೇರೆ ಮಾಡುತ್ತದೆ. ಮಾಡುವುದಕ್ಕೆ ‘ಲಿ’ ಬೇಕು, ಇರುವುದಕ್ಕೆ ಮತ್ತು ಕಾಣುವುದಕ್ಕೆ ‘ಲಿ’ ಬೇಡ. ಆದ್ದರಿಂದ ‘ಹಿ ಲುಕ್ಸ್ ಸ್ವಾವ್’, ‘ಹಿ ಸೀಮ್ಸ್ ಸ್ವಾವ್’, ಆದರೆ ‘ಹಿ ಸ್ಪೀಕ್ಸ್ ಸ್ವಾವ್ಲಿ’.

ಪರೀಕ್ಷೆ ಸುಲಭ. ಕ್ರಿಯಾಪದದ ಜಾಗದಲ್ಲಿ ‘ಈಸ್’ ಹಾಕಿ ನೋಡಿ. ಅರ್ಥ ಹೆಚ್ಚುಕಡಿಮೆ ಉಳಿದರೆ ‘ಲಿ’ ಬಿಡಿ. ಕೆಟ್ಟರೆ ‘ಲಿ’ ಇರಲಿ. ಈ ಉಪಾಯ ‘ಬ್ಯೂಟಿಫುಲ್ಲಿ’, ‘ಸ್ಯಾಡ್ಲಿ’ ಮುಂತಾದ ಎಲ್ಲದಕ್ಕೂ ನಡೆಯುತ್ತದೆ.

ಹೆಜ್ಜೆ 7: ಯಾರ ಬಗ್ಗೆ, ಯಾವ ಕ್ರಿಯೆಗೆ ಅಂತ ನೋಡಿ

ಇಂಗ್ಲಿಷ್ ನಿಘಂಟುಗಳು ‘ಸ್ವಾವ್’ ಪದವನ್ನು ಹೆಚ್ಚಾಗಿ ಗಂಡಸರ ಬಗ್ಗೆ ಬಳಸುತ್ತಾರೆ ಅಂತ ಹೇಳುತ್ತವೆ. ಹೆಂಗಸರ ಬಗ್ಗೆ ಬಳಸಿದರೆ ವ್ಯಾಕರಣ ತಪ್ಪೇನಲ್ಲ. ನನಗಂತೂ ಬಳಸಬೇಕು ಅನ್ನಿಸುತ್ತದೆ. ಒಬ್ಬ ಮಹಿಳಾ ರಾಯಭಾರಿ ಕಠಿಣ ಪ್ರಶ್ನೆಯೊಂದನ್ನು ನಗುತ್ತಾ ಬದಿಗೆ ಸರಿಸಿದರೆ ಅದನ್ನು ‘ಗ್ರೇಸ್‌ಫುಲ್ಲಿ’ ಅಂದು ಮುಗಿಸುವುದು ಆಕೆಯ ಚಾಣಾಕ್ಷತನಕ್ಕೆ ಮಾಡುವ ಅನ್ಯಾಯ.

ಕ್ರಿಯೆಗಳಲ್ಲಿ ಇದು ನಗು, ಮಾತು, ಉತ್ತರ, ಪರಿಚಯ, ನಿರಾಕರಣೆ, ಸಣ್ಣ ಕೈಸನ್ನೆ ಇಂಥವಕ್ಕೆ ಹೊಂದುತ್ತದೆ. ಎದುರಿಗೆ ಇನ್ನೊಬ್ಬರು ಇರಬೇಕು. ಓಡುವುದು, ಅಳುವುದು, ಕಿರುಚುವುದು ಇವುಗಳ ಜೊತೆ ಕೂರುವುದಿಲ್ಲ. ನಿಮ್ಮ ಬಗ್ಗೆ ನೀವೇ ‘ಐ ಸ್ಮೈಲ್ಡ್ ಸ್ವಾವ್ಲಿ’ ಅಂತ ಬರೆಯಬೇಡಿ, ಜಂಭ ಅನ್ನಿಸುತ್ತದೆ. ಕತೆ ಬರೆಯುವವರು ಪ್ರತಿ ಸಂಭಾಷಣೆಯ ಬಾಲಕ್ಕೂ ಇದನ್ನು ಕಟ್ಟಬಾರದು. ಇಡೀ ಕತೆಯಲ್ಲಿ ಒಂದು ಸಲ ಬಂದರೆ ಸಾಕು, ಅದೂ ಓದುಗರು ಆ ಮನುಷ್ಯನ ಬಗ್ಗೆ ತೀರ್ಮಾನ ಮಾಡಬೇಕಾದ ಕಡೆ.

ಹೆಜ್ಜೆ 8: ಕನ್ನಡಕ್ಕೆ ತರುವುದು

ಒಂದೇ ಪದದಲ್ಲಿ ತರುವ ಹಟ ಬಿಟ್ಟುಬಿಡಿ. ಮೊದಲು ಆ ಸಂದರ್ಭದಲ್ಲಿ ನಾಲ್ಕು ಗುಣಗಳಲ್ಲಿ ಯಾವುದು ಮುಂದಿದೆ ಅಂತ ನೋಡಿ. ನಯ ಮುಂದಿದ್ದರೆ ‘ನಯವಾಗಿ’, ‘ನಾಜೂಕಾಗಿ’. ಆತ್ಮವಿಶ್ವಾಸ ಮುಂದಿದ್ದರೆ ‘ಠೀವಿಯಿಂದ’, ‘ಗತ್ತಿನಿಂದ’. ಸೆಳೆತ ಮುಂದಿದ್ದರೆ ‘ಮೋಡಿ ಮಾಡುವಂತೆ’. ಸಲೀಸು ಮುಂದಿದ್ದರೆ ನಮ್ಮಲ್ಲಿ ಸೊಗಸಾದ ಮಾತಿದೆ, ‘ಬೆಣ್ಣೆಯಿಂದ ಕೂದಲು ತೆಗೆದ ಹಾಗೆ’. ಯಾರಿಗೂ ನೋವಾಗದಂತೆ ‘ಆಗುವುದಿಲ್ಲ’ ಅಂದವನ ಬಗ್ಗೆ ಹೇಳುವಾಗ ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಗೊತ್ತಿಲ್ಲ.

ಅನುಮಾನದ ನೆರಳೂ ಬೇಕಾದಾಗ ಕಷ್ಟ ಶುರುವಾಗುತ್ತದೆ. ನಾನು ಆ ಅಧಿಕಾರಿಯ ಸಾಲಿಗೆ ಮರಳಿ ಹೋದೆ. ‘ನಾಜೂಕಾಗಿ ನಕ್ಕು’ ಅಂತ ಮಾಡಿದೆ, ಮುಖದಲ್ಲಿ ಏನೂ ಕಾಣಲಿಲ್ಲ. ‘ಗತ್ತಿನಿಂದ ನಕ್ಕು’ ಅಂದಾಗ ದರ್ಪ ಬಂತು, ಸಿಹಿ ಹೋಯಿತು. ‘ಕಪಟ ನಗೆ ನಕ್ಕು’ ಅಂದರೆ ಎಲ್ಲವನ್ನೂ ನಾನೇ ಹೇಳಿಬಿಟ್ಟ ಹಾಗಾಯಿತು. ಓದುಗರು ಕಂಡುಹಿಡಿಯಲು ಏನೂ ಉಳಿಯಲಿಲ್ಲ. ಆ ಹೆಂಗಸು ಕೂಡ ಆ ನಗುವನ್ನು ನಂಬಿದ್ದಳು. ಓದುಗರೂ ಒಂದು ಗಳಿಗೆ ನಂಬಬೇಕು.

ಕೊನೆಗೆ ಕ್ರಿಯಾವಿಶೇಷಣವನ್ನೇ ಬಿಟ್ಟೆ. ಆ ಗುಣವನ್ನು ನಗುವಿಗೇ ಕೊಟ್ಟೆ. ಒಂದು ವಾಕ್ಯ ಎರಡಾಯಿತು: ‘ಅವನು ನಕ್ಕ. ಎಷ್ಟೋ ಜನರ ಮುಂದೆ ನಕ್ಕು ಪಳಗಿದ ನಗು ಅದು. ಆ ನಗುವಿನಲ್ಲೇ ಫೈಲನ್ನು ಮೇಜಿನ ಮೇಲೆ ಮೆಲ್ಲಗೆ ಅವಳತ್ತ ಸರಿಸಿದ.’

‘ತಳ್ಳಿದ’ ಹೋಗಿ ‘ಸರಿಸಿದ’ ಆದದ್ದನ್ನೂ ಗಮನಿಸಿ. ‘ಸ್ವಾವ್ಲಿ’ಯ ಅರ್ಧ ಭಾರವನ್ನು ಆ ಕ್ರಿಯಾಪದ ಹೊತ್ತಿತು. ತಿದ್ದಿದ ಹಾಳೆಯನ್ನು ಗೆಳತಿಗೆ ಮತ್ತೆ ಕೊಟ್ಟೆ. ಓದಿ, ಒಂದು ಕ್ಷಣ ಸುಮ್ಮನಿದ್ದು ಅಂದಳು, ‘ಅಯ್ಯೋ, ಅವಳಿಗೆ ಸಾಲ ಸಿಗಲ್ಲ ಅಲ್ವಾ?’